ಕೇಳದ ಕಿವಿಗೆ ಬಂದ ಉಸಿರು

ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ನನ್ನ ಎಡಗಿವಿ ಹೋಯಿತು. ಆ ಕಡೆಯಿಂದ ಯಾರು ಕರೆದರೂ ನನಗೆ ಗೊತ್ತಾಗುವುದಿಲ್ಲ. ಬಸವಕಲ್ಯಾಣದ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಇದು ತಿಳಿದಿದೆ. ಬಲಕ್ಕೆ ಬಂದು ನಿಂತೇ ಮಾತಾಡುತ್ತಾರೆ.

ಆ ಬೇಸಿಗೆಯಲ್ಲಿ ನನಗೆ ಪೂಜೆ ಬೇಸರವಾಗಿತ್ತು. ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ಕಣ್ಣು ಲಿಂಗದ ಮೇಲೆ, ಮನಸ್ಸು ಯಾರದೋ ತೋಳಿನ ಅಳತೆಯ ಮೇಲೆ. ವಿಭೂತಿ ಹಚ್ಚಿ ಏಳುವಾಗ ಒಂದು ಪಾತ್ರೆ ತೊಳೆದಿಟ್ಟಷ್ಟೇ ಅನಿಸುತ್ತಿತ್ತು.

ಹುಮನಾಬಾದಿಗೆ ಹೋಗಿ ರವಿಕೆಯ ಒಳಗೆ ಹಚ್ಚುವ ಅಸ್ತರಿನ ಬಟ್ಟೆ ತರುತ್ತಿದ್ದ ಒಂದು ಮಧ್ಯಾಹ್ನ, ರಾಜೇಶ್ವರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಬಿಸಿಲು ತಡೆಯಲಾರದೆ ಹೊಲದ ಬದಿಯ ಬೇವಿನ ಮರದ ಕಡೆ ನಡೆದೆ. ನೆರಳಲ್ಲಿ ಹಸಿರು ಬಟ್ಟೆ ಹೊದಿಸಿದ ಒಂದು ಸಣ್ಣ ಗೋರಿ. ಮುದುಕಿಯೊಬ್ಬಳು ಅದರ ಸುತ್ತ ಕಸ ಗುಡಿಸುತ್ತಿದ್ದಳು.

"ಕೂಡ್ರು ಬೇಟಿ. ಬಸ್ಸು ಆದಾಗ ಆಗ್ತದ," ಎಂದು ತಂಬಿಗೆಯಲ್ಲಿ ನೀರು ಕೊಟ್ಟಳು.

"ಯಾರ್ದಮ್ಮಾ ಈ ಗೋರಿ?"

"ಯಾರಿಗೆ ಗೊತ್ತು? ನಮ್ಮ ಅತ್ತಿ ಗುಡಿಸ್ತಿದ್ಳು, ಈಗ ನಾ ಗುಡಿಸಾಕತ್ತೇನಿ."

ಪೊರಕೆ ಬದಿಗಿಟ್ಟು ನನ್ನ ಬಲಕ್ಕೆ ಕುಳಿತು ಕಣ್ಣು ಮುಚ್ಚಿದಳು. ಮಂತ್ರವಿಲ್ಲ, ಜಪಮಣಿಯಿಲ್ಲ. ಅವಳನ್ನು ನೋಡುತ್ತ ಕೂರಲು ಸಂಕೋಚವಾಗಿ ನಾನೂ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಯಾರೋ ಉಸಿರಾಡುವುದು ಕೇಳಿಸಿತು. ನಿಧಾನದ, ಆಳವಾದ ಉಸಿರು. ಮುದುಕಿಯದೇ ಇರಬೇಕೆಂದುಕೊಂಡೆ. ಆಮೇಲೆ ಹೊಳೆಯಿತು. ಉಸಿರು ಕೇಳುತ್ತಿದ್ದುದು ಎಡಗಡೆಯಿಂದ. ಅದರ ಬಿಸಿ ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಕಣ್ಣು ತೆರೆದು ಎಡಕ್ಕೆ ತಿರುಗಿದೆ. ಉಳುಮೆಯಾದ ಹೊಲ ಬಿಟ್ಟರೆ ಏನೂ ಇರಲಿಲ್ಲ. ಒಂದು ದನ ಕೂಡ ಇರಲಿಲ್ಲ.

ಮುದುಕಿ ಕಣ್ಣು ತೆರೆಯದೆಯೇ ಹೇಳಿದಳು: "ತಿರಗಿ ನೋಡಬ್ಯಾಡ. ನೋಡಿದ್ರ ಹೋಗಿಬಿಡ್ತದ."

ನಾನು ಬಟ್ಟೆಯ ಗಂಟು ಎತ್ತಿಕೊಂಡು ಬಸ್ಸಿನ ಕಡೆ ಓಡಿದೆ.

ಮರುವಾರ ಹುಮನಾಬಾದಿನಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಯಂತ್ರ ಹಚ್ಚಿ ನೋಡಿ, "ಈ ಕಿವಿಗೇನೂ ಕೇಳ್ಸೂದಿಲ್ರಿ. ಕಿವಿ ಹೋದವರಿಗೆ ಒಳಗ ಗುಂಯ್ ಅಂತದ, ಅಂಥಾದ್ದೇ ಇರಬೇಕು. ಫಿಕರ್ ಮಾಡಬ್ಯಾಡ್ರಿ," ಎಂದರು. ತಲೆಯಾಡಿಸಿ ಎದ್ದು ಬಂದೆ. ಗುಂಯ್ ಅನ್ನುವುದು ಕುತ್ತಿಗೆಗೆ ತಾಗುತ್ತದೆಯೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ.

ಹೆದರಿಕೆ ಇದ್ದೇ ಇತ್ತು. ಆದರೂ ಅಂದು ವಾಪಸು ಬರುವಾಗ ರಾಜೇಶ್ವರದಲ್ಲಿ ಇಳಿದೆ. ಆಮೇಲೆ ಹುಮನಾಬಾದಿಗೆ ಹೋದಾಗಲೆಲ್ಲ ಇಳಿಯತೊಡಗಿದೆ. ಆ ಗೋರಿಯ ಬಳಿಗೆ ಇನ್ನೊಬ್ಬಳು ಬರುತ್ತಿದ್ದಳು. ಪಕ್ಕದ ಹೊಲದಲ್ಲಿ ಕೂಲಿ ಮಾಡುವ ಹೆಂಗಸು, ಬುದ್ಧನನ್ನು ನಂಬುವ ಮನೆಯವಳು. ಊಟದ ಬಿಡುವಿನಲ್ಲಿ ಕೈಕಾಲು ತೊಳೆದು ಬಂದು ಕೂರುತ್ತಿದ್ದಳು.

"ನೀನು ಯಾರನ್ನ ನೆನಸ್ತಿ?" ಎಂದು ಒಮ್ಮೆ ಕೇಳಿದೆ.

"ಯಾರನ್ನೂ ಇಲ್ರೀ ಅಕ್ಕಾರ. ನಮ್ಮ ವಿಹಾರದಾಗ ಉಸಿರು ನೋಡು ಅಂತ ಹೇಳಿಕೊಟ್ಟಾರ. ನಂದು ನಾ ನೋಡ್ತೀನಿ. ಆದ್ರ ಇಲ್ಲಿ ಕುಂತಾಗ ನಂದಲ್ಲದ್ದೂ ಒಂದು ಇರ್ತದ."

"ನಿನಗೂ ಕೇಳ್ತದಾ? ಹೆದರಿಕಿ ಬರಲ್ಲಾ?"

"ಮೊದಲ ಬರ್ತಿತ್ತು. ಈಗ ಅದು ಬರದಿದ್ರ ಹೆದರಿಕಿ."

ಮಳೆಗಾಲ ಶುರುವಾಗುವ ಹೊತ್ತಿಗೆ ಉಸಿರು ಮನೆಗೂ ಬಂತು. ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಿದ್ದೆ. ಎಡಗಡೆ ಯಾರೋ ಬಂದು ಕುಳಿತ ಹಾಗಾಯಿತು. ಮನಸ್ಸು ಒಮ್ಮೆಲೇ ನಿಂತಿತು. ತೋಳಿನ ಅಳತೆ, ಅಂಗಡಿ, ಒಲೆಯ ಮೇಲಿನ ಹಾಲು ಯಾವುದೂ ಇರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಮೈ ನಡುಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದ ಅತ್ತೆ ನನ್ನ ಗಂಡನನ್ನು ಕರೆದರು.

"ಎಲ್ಲೆಲ್ಲೋ ಗೋರಿ ಕಡಿ ಕೂಡ್ಲಾಕ ಹೋಗ್ತಾಳ, ಏನೋ ಹಿಡದದ. ಮಂಠಾಳದಾಗ ತಾಯತ ಕಟ್ಟೋರು ಇದ್ದಾರ, ಕರಕೊಂಡು ಹೋಗು."

ಗಂಡ ಬೈಯಲಿಲ್ಲ. ನನ್ನ ಮುಖ ನೋಡಿ, "ಸ್ವಲ್ಪ ದಿನ ಅಲ್ಲಿ ಹೋಗಬ್ಯಾಡ," ಎಂದರು ಅಷ್ಟೆ. ನನಗೂ ಭಯವಿತ್ತು. ಒಪ್ಪಿದೆ. ತಾಯತ ಕಟ್ಟಿಸಿಕೊಂಡೆ. ಉಸಿರು ನಿಂತುಹೋಯಿತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಎಡಗಡೆ ನನಗೆ ಮೊದಲೂ ಸದ್ದಿರಲಿಲ್ಲ, ಅದು ರೂಢಿಯಾಗಿತ್ತು. ಈಗ ಅಲ್ಲಿ ಖಾಲಿಯಾಗಿದೆ ಎಂದು ಗೊತ್ತಾಗುತ್ತಿತ್ತು. ಮನೆತುಂಬ ಜನರಿದ್ದರೂ ಬಿಕೋ ಅನ್ನುತ್ತಿತ್ತು. ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಕೊನೆಗೆ ಗಂಡನೇ ಮೋಟರ್ ಸೈಕಲ್ ಹೊರಗೆ ತೆಗೆದು, "ನಡಿ, ಆ ಮರದ ಕಡಿ ಬಿಡ್ತೀನಿ," ಎಂದರು.

ಮುದುಕಿ ಹಾಸಿಗೆ ಹಿಡಿದಿದ್ದಳು. ಗೋರಿಯ ಹಿಂದೆ ಅವಳದೊಂದು ತಗಡಿನ ಮನೆ. ಬಾಗಿಲ ಬಳಿ ಮಂಚ ಹಾಕಿಸಿಕೊಂಡು ಮಲಗಿದ್ದಳು. "ಕಸ ಹಂಗೇ ಬಿದ್ದದ, ಗುಡಸು," ಎಂದಳು. ಗುಡಿಸಿ, ತಾಯತ ಬಿಚ್ಚಿಟ್ಟು ಕುಳಿತೆ. ಸ್ವಲ್ಪ ಹೊತ್ತಿಗೆ ಉಸಿರು ಬಂತು, ಮೊದಲಿಗಿಂತ ಹತ್ತಿರ. ಈ ಸಲ ತಡೆಯಲಾಗದೆ ಮನಸ್ಸಿನಲ್ಲೇ ಕೇಳಿದೆ: ನೀ ಯಾರು?

ಉಸಿರು ಅರ್ಧಕ್ಕೆ ನಿಂತಿತು. ಯಾರೋ ಅದನ್ನು ಬಿಗಿಹಿಡಿದು ನನ್ನನ್ನೇ ನೋಡುತ್ತಿರುವಂತೆ. ಬೇವಿನ ಎಲೆ ಕೂಡ ಅಲುಗಲಿಲ್ಲ. ನಾನು ಕಿರುಚಿಕೊಂಡು ಮಂಚದ ಹತ್ತಿರ ಹೋದೆ.

"ಹೆಸರು ಕೇಳಿದೇನು?" ಎಂದಳು ಮುದುಕಿ.

"ಹೌದಮ್ಮಾ."

"ಯಾಕ ಬೇಕು ಹೆಸರು? ದರ್ಜಿ ಇದ್ದಿ ನೀ. ಹೆಸರು ಸಿಕ್ಕಿತಂದ್ರ ಅಳತಿ ತಗೋತಿ. ಇದು ನಮ್ಮದು, ಇದು ಅವರದು ಅಂತ ಅಂಗಿ ಹೊಲಿತಿ." ನನ್ನ ಕೈ ಹಿಡಿದು ಅವಳ ಎದೆಯ ಮೇಲಿಟ್ಟುಕೊಂಡಳು. "ದಿಲ್ ಸಾಫ್ ಇಟ್ಟು ಕೂಡು. ಬಂದವರಿಗಿ ಜಾಗಾ ಕೊಡು, ಸಾಕು."

ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಅವಳ ಕಡೆಯವರು ಮಣ್ಣು ಮಾಡಿ ಹೋದ ಮರುದಿನ ನಾನು ಹೋಗಿ ಗುಡಿಸಿದೆ. ಮಧ್ಯಾಹ್ನ ಕೂಲಿಯವಳೂ ಬಂದಳು. ಇಬ್ಬರೂ ಕಣ್ಣು ಮುಚ್ಚಿ ಕುಳಿತೆವು. ಎಷ್ಟು ಹೊತ್ತು ಕಾದರೂ ನನಗೆ ಎಡಗಡೆ ಏನೂ ಕೇಳಿಸಲಿಲ್ಲ. ಮುದುಕಿಯ ಜೊತೆಗೇ ಅದೂ ಹೋಯಿತು ಅನ್ನಿಸಿ ಅಳು ಬಂತು.

"ಬರ್ಲಿಲ್ಲ," ಎಂದೆ.

ಅವಳು ಬೆರಗಾಗಿ ನನ್ನನ್ನು ನೋಡಿದಳು. "ಬಂದದಲ್ರೀ ಅಕ್ಕಾರ. ಭಾಳ ಹೊತ್ತಾತು. ನಿಮ್ಮಿಂದನೇ ಬರಾಕತ್ತದ."

ನನಗೆ ಗಾಬರಿಯಾಗಿ ಉಸಿರು ಕಟ್ಟಿತು. ಎದೆಯ ಮೇಲೆ ಕೈಯಿಟ್ಟೆ. ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಕುಳಿತಿದ್ದೆ. ಆದರೂ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ನಾನು ಮಾಡುತ್ತಿರಲಿಲ್ಲ.

ಎದ್ದು ಓಡಬೇಕೆನಿಸಲಿಲ್ಲ. ಕೂಲಿಯವಳು ಸೆರಗು ಬಿಗಿದುಕೊಂಡು ತೊಗರಿ ಹೊಲಕ್ಕೆ ಹೊರಟಳು. ನಾನು ಕುಳಿತೇ ಇದ್ದೆ. ಭಯ ಹೋಗಿರಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಆ ಮಧ್ಯಾಹ್ನ ಕೈಯನ್ನು ಎದೆಯ ಮೇಲಿಂದ ತೆಗೆಯಲು ಮನಸ್ಸಾಗಲಿಲ್ಲ. ಗಂಡ ಕರೆದುಕೊಂಡು ಹೋಗಲು ಬರುವವರೆಗೂ ಹಾಗೇ ಇಟ್ಟುಕೊಂಡಿದ್ದೆ.