ರೇಡಿಯೋ ಮಿಸ್ ತಡೆದ ಸುದ್ದಿ

ಮೊನ್ನೆ ಮಿಕ್ಸಿ ರಿಪೇರಿಗೆಂದು ಚಾಮರಾಜಪೇಟೆಯ ಒಂದು ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದ. ತೆಳ್ಳನೆಯ ಹೊಗೆ ಎದ್ದು, ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು... ಅದು ಮಿಸ್ ಮನೆಯ ವಾಸನೆ. ಬೀದಿಯ ಬೇರೆ ಮನೆಗಳಿಂದ ಸಾರಿನ ಒಗ್ಗರಣೆಯ ಘಮ ಬರುವ ಹೊತ್ತಿಗೆ ನಮ್ಮ ಪಕ್ಕದ ಮನೆಯಿಂದ ಈ ವಾಸನೆ ಬರುತ್ತಿತ್ತು. ಮಿಕ್ಸಿ ನಾಳೆ ಸಿಗುತ್ತದೆಂದು ಅಂಗಡಿಯವನು ಹೇಳಿದನಂತೆ, ನನಗೆ ಕೇಳಿಸಲೇ ಇಲ್ಲ.

ಮಿಸ್ ನನಗೆ ಹೈಸ್ಕೂಲಿನಲ್ಲಿ ಲೆಕ್ಕದ ಟ್ಯೂಷನ್ ಹೇಳಿದವರು. ನನ್ನ ತಲೆಗೂದಲು ಬೆಳ್ಳಗಾದ ಮೇಲೂ ಅವರು ನನಗೆ ಮಿಸ್ಸೇ. ಬೀದಿಯವರಿಗೆಲ್ಲ ಮಾತ್ರ ರೇಡಿಯೋ ಮಿಸ್. ಅವರಿಗೆ ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಮನೆಯಿಂದಲೇ ದೂರದೂರಿನವರ ಜೊತೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ. ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡು, ಮಹಡಿಯ ಕೋಣೆಯಲ್ಲಿ ಸೆಟ್ಟು ಇಟ್ಟುಕೊಂಡಿದ್ದರು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಉದ್ದನೆಯ ಆಂಟೆನಾ ಕಂಬ. ಅದನ್ನು ಬಿಗಿದಿದ್ದ ತಂತಿಯ ಮೇಲೆ ನಮ್ಮಮ್ಮ ಸೀರೆ ಒಣಹಾಕಿ ಚೆನ್ನಾಗಿ ಬೈಸಿಕೊಂಡಿದ್ದರು. "ಎಲ್ಲರ ಕೈಲೂ ಮೊಬೈಲ್ ಇದೆ, ಇದ್ಯಾಕೆ ಮಿಸ್?" ಎಂದು ರೇಗಿಸಿದರೆ, "ಟವರ್ ಬಿದ್ದ ದಿನ ಬಾ, ಹೇಳ್ತೀನಿ" ಎನ್ನುತ್ತಿದ್ದರು.

ಅವರ ಹತ್ತಿರ ರೇಡಿಯೋ ಕಲಿಯಲು ಕಾಲೇಜು ಹುಡುಗಿಯರು ಬರುತ್ತಿದ್ದರು. ಅವರಿಗೆ ಮಿಸ್ ಮೊದಲು ಕಲಿಸುತ್ತಿದ್ದದ್ದು ಒಂದೇ ಪಾಠ. ಬಂದ ಸುದ್ದಿಯನ್ನು ಬಂದ ಹಾಗೇ ದಾಟಿಸಬೇಕು. ಒಂದು ಪದ ಬಿಡಬಾರದು, ಒಂದು ಪದ ಸೇರಿಸಬಾರದು. ನನಗೆ ಲೆಕ್ಕದಲ್ಲಿ ಸ್ಟೆಪ್ ಬಿಟ್ಟಾಗ ಗದರುತ್ತಿದ್ದ ದನಿಯಲ್ಲೇ ಅವರಿಗೂ ಗದರುತ್ತಿದ್ದರು.

ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳಿದ್ದಳು. ಆಂಧ್ರದ ಕರಾವಳಿಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಕನ್ನಡ ಕಲಿತಿದ್ದಳು. ನಾವೆಲ್ಲ ಇಸ್ತ್ರಿಯಮ್ಮ ಎನ್ನುತ್ತಿದ್ದೆವು. ಗಂಡ ವರ್ಷದಲ್ಲಿ ಅರ್ಧ ಇಲ್ಲಿ, ಅರ್ಧ ಊರಿನಲ್ಲಿ. ಊರಿನಲ್ಲಿ ಅವನ ತಾಯಿ ಇದ್ದಳು, ಒಂದು ದೋಣಿ ಇತ್ತು. ಅವನು ಊರಿನಲ್ಲಿದ್ದಾಗಲೇ ಚಂಡಮಾರುತ ಅಪ್ಪಳಿಸಿತು. ಟವರುಗಳು ಬಿದ್ದವು, ಕರೆಂಟು ಹೋಯಿತು, ಯಾವ ಫೋನೂ ಸೇರುತ್ತಿರಲಿಲ್ಲ. ಇಸ್ತ್ರಿಯಮ್ಮ ಗಾಡಿ ಮುಚ್ಚಿ ಬಂದು ಮಿಸ್ ಮನೆಯ ಗೇಟಿನ ಹತ್ತಿರ ಕೂತಳು.

ಅಲ್ಲಿಯ ಪರಿಹಾರ ಶಿಬಿರದಲ್ಲಿ ಮಿಸ್ಸಿನ ಹ್ಯಾಮ್ ಗೆಳೆಯರೊಬ್ಬರು ಕಾರಿನ ಬ್ಯಾಟರಿಗೆ ಸೆಟ್ಟು ಜೋಡಿಸಿ ಕೂತಿದ್ದರು. ಇಸ್ತ್ರಿಯಮ್ಮನ ಗಂಡನ, ಅತ್ತೆಯ ಹೆಸರು, ಊರು ಎಲ್ಲ ಮಿಸ್ ಅವರಿಗೆ ಕಳಿಸಿದರು. ಸಂಜೆ ಉತ್ತರ ಬಂತು. ನಾನು ಕಾಫಿ ತೆಗೆದುಕೊಂಡು ಹೋಗಿದ್ದರಿಂದ ಅಲ್ಲೇ ಇದ್ದೆ. ಸ್ಪೀಕರಿನ ಗರಗರದ ನಡುವೆ ಕೇಳಿಸಿದ್ದು ಇಷ್ಟು. ತಾಯಿ ಸಿಕ್ಕಿದ್ದಾರೆ, ಶಿಬಿರದಲ್ಲಿದ್ದಾರೆ. ಮಗ ಸಿಕ್ಕಿಲ್ಲ. ಮೈಯ ಬಿಸಿ ಗುರುತಿಸುವ ಕ್ಯಾಮೆರಾದ ಡ್ರೋನ್ ಒಂದೇ ಇದೆ, ಬ್ಯಾಟರಿ ಕಡಿಮೆ, ಎಲ್ಲ ಕಡೆ ಹಾರಿಸಲು ಆಗುವುದಿಲ್ಲ. ಅವನು ಎಲ್ಲಿಗೆ ಹೋಗಿರಬಹುದು ಎಂದು ಹೆಂಡತಿಯನ್ನು ಕೇಳಿ ತಿಳಿಸಿ.

ಮಿಸ್ ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದರು. ಇಸ್ತ್ರಿಯಮ್ಮ ತಲೆಯೆತ್ತಿ ನೋಡಿದಳು. ಬೆಳಿಗ್ಗೆಯಿಂದ ಏನೂ ತಿಂದಿರದ ಮುಖ.

"ನಿಮ್ಮತ್ತೆ ಸಿಕ್ಕಿದ್ದಾರೆ ಕಣಮ್ಮ, ಚೆನ್ನಾಗಿದಾರೆ. ಅವನೂ ಅಲ್ಲೇ ಎಲ್ಲೋ ಇರ್ತಾನೆ, ಬರ್ತಾನೆ. ನೀನು ಮೊದಲು ಹೋಗಿ ಊಟ ಮಾಡು."

ನಮ್ಮ ಕಡೆ ಯಾರೂ ಒಮ್ಮೆಲೇ ಸಾಯುವುದಿಲ್ಲ. ಮೊದಲು "ಸ್ವಲ್ಪ ಸೀರಿಯಸ್" ಆಗುತ್ತಾರೆ. ಬಸ್ಸು ಹತ್ತಿ ಓಡಿಬಂದವರಿಗೆ ಮನೆ ಮುಂದಿನ ಚಪ್ಪಲಿ ರಾಶಿ ನೋಡಿದ ಮೇಲೆ ವಿಷಯ ಗೊತ್ತಾಗುತ್ತದೆ. ಇದು ನಮ್ಮ ಒಳ್ಳೆಯತನ ಎಂದೇ ನಾವು ತಿಳಿದಿದ್ದೇವೆ. ಅವಳು ಕೈಮುಗಿದು ಹೋದಾಗ, ಪಾಪ, ಈ ಹೊತ್ತಾದರೂ ಎರಡು ತುತ್ತು ತಿನ್ನಲಿ ಎಂದು ನನಗೂ ಸಮಾಧಾನವಾಯಿತು. "ಒರಟಾಗಿ ಕೇಳೋದು ಬೇಡ, ಬೆಳಿಗ್ಗೆ ನಿಧಾನಕ್ಕೆ ಕೇಳೋಣ" ಎಂದರು ಮಿಸ್. ಆಚೆ ಕಡೆಯವರಿಗೆ, ವಿಚಾರಿಸಿ ಹೇಳುತ್ತೇನೆ ಎಂದರು.

ಬೆಳಿಗ್ಗೆ ಗಾಡಿಯ ಹತ್ತಿರ ಹೋಗಿ ಮಾತಿನ ಮಧ್ಯೆ ಕೇಳಿದಂತೆ ಕೇಳಿದರು. ಅವಳು ಯೋಚನೆಯನ್ನೂ ಮಾಡಲಿಲ್ಲ. "ಇನ್ನೆಲ್ಲಿ ಹೋಗ್ತಾನೆ ಮಿಸ್? ದೋಣಿಗೆ ಹೊಸ ಮೋಟಾರ್ ಹಾಕ್ಸಿದಾನೆ, ಅದನ್ನ ಬಿಟ್ಟು ಬರೋನಲ್ಲ. ಕಾಲುವೆ ಆಚೆ ಹಳೇ ಐಸ್ ಫ್ಯಾಕ್ಟರಿ ಇದೆ, ಅಲ್ಲಿ ಕಟ್ತಾನೆ."

ಡ್ರೋನ್ ಅಲ್ಲಿಗೆ ಹೋಯಿತು. ಬಿಸಿ ಹುಡುಕುವ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲವಂತೆ. ಮಾಮೂಲಿ ಕ್ಯಾಮೆರಾದಲ್ಲಿ ಕಂಡ. ಫ್ಯಾಕ್ಟರಿಯ ತಾರಸಿಯ ಮೇಲೆ, ಕುಸಿದ ಗೋಡೆಗೆ ಕಾಲು ಸಿಕ್ಕಿಕೊಂಡು ಬಿದ್ದಿದ್ದ. ಕೈಗೆಟುಕಿದ ಪೈಪಿಗೆ ಅಂಗಿ ಬಿಚ್ಚಿ ಕಟ್ಟಿದ್ದ. ಹಿಂದಿನ ಸಂಜೆ ಜೀವ ಇದ್ದಿರಬಹುದು ಎಂದರು ಅಲ್ಲಿಯ ಡಾಕ್ಟರು. ಇದ್ದಿರಬಹುದು... ಅದಕ್ಕಿಂತ ಹೆಚ್ಚು ಯಾರಿಗೂ ಹೇಳಲು ಆಗಲಿಲ್ಲ.

ಈ ಸಲ ಮಿಸ್ ಬಾಲ್ಕನಿಯಿಂದ ಹೇಳಲಿಲ್ಲ. ಗಾಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಹಿಂದಿನ ಸಂಜೆ ಬಂದಿದ್ದ ಪ್ರಶ್ನೆಯನ್ನು ತಾವು ಕೇಳದೆ ಉಳಿಸಿಕೊಂಡದ್ದನ್ನೂ ಹೇಳಿದರು. ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಳು. ಆಮೇಲೆ, "ನಿನ್ನೇನೇ ಕೇಳಿದ್ರೆ ಹೇಳ್ತಿದ್ನಲ್ಲ ಮಿಸ್. ನಾನೇನು ಚಿಕ್ಕ ಮಗೂನಾ?" ಎಂದಳು. ಮಿಸ್ ತಲೆ ತಗ್ಗಿಸಿದರು. ತಲೆ ತಗ್ಗಿಸಿದ ಮಿಸ್ಸನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಬೀದಿಯವರು ಮಿಸ್ ಪರವಾಗಿಯೇ ಮಾತಾಡಿದರು. ಅವನ ಆಯುಸ್ಸು ಅಷ್ಟೇ ಇತ್ತು, ನೀವೇನು ಮಾಡ್ತೀರಿ ಎಂದರು. ನಾನೂ ಅವರ ಮನೆಗೆ ಹೋಗಿ, "ನೀವು ಒಳ್ಳೇದಕ್ಕೇ ಅಲ್ವಾ ಮಿಸ್ ಹೇಳಿದ್ದು" ಎಂದೆ.

"ಯಾರ ಒಳ್ಳೇದಕ್ಕೆ?" ಎಂದರು. "ಅವಳು ಅಳೋದನ್ನ ನೋಡೋಕೆ ನನಗೆ ಧೈರ್ಯ ಇರ್ಲಿಲ್ಲ ಕಣೆ. ಅದಕ್ಕೆ ಒಳ್ಳೇತನ ಅಂತ ಹೆಸರಿಡ್ಬೇಡ."

ರೇಡಿಯೋ ಮಾತ್ರ ಅವರು ಬಿಡಲಿಲ್ಲ. ಮುಂದೆ ಎಲ್ಲಿ ಚಂಡಮಾರುತ ಬಂದರೂ, ಸುದ್ದಿ ಕೇಳಿಕೊಂಡು ಬಂದವರನ್ನು ಮೇಲಕ್ಕೆ ಕರೆದು ಸೆಟ್ಟಿನ ಪಕ್ಕದಲ್ಲೇ ಕೂರಿಸುತ್ತಿದ್ದರು. ಅವರ ಭಾಷೆಯಲ್ಲೇ ಮಾತಾಡಿ ಎಂದು ಆಚೆಯವರಿಗೆ ಹೇಳಿ, ತಾವು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಹೊಸ ಹುಡುಗಿಯರಿಗೆ ಪಾಠ ಹೇಳುವಾಗ ಈ ಕಥೆಯನ್ನು, ತಪ್ಪು ತಮ್ಮದೇ ಎಂದು ಮುಚ್ಚಿಡದೆ ಹೇಳುತ್ತಿದ್ದರು. ಕೇಳುತ್ತ ಕೂತ ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಇಸ್ತ್ರಿಯಮ್ಮ ಗಾಡಿ ಮಾರಿ ಅತ್ತೆಯ ಹತ್ತಿರ ಊರಿಗೆ ಹೋಗಿದ್ದಳು. ಮಿಸ್ ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಅವಳು ಒಮ್ಮೆ ಎತ್ತುತ್ತಿದ್ದಳು, ಒಮ್ಮೆ ಇಲ್ಲ.

ಮಿಸ್ ಹೋದದ್ದು ಈ ವರ್ಷ, ಯುಗಾದಿ ಕಳೆದ ಮೇಲೆ. ಅವರ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಇಸ್ತ್ರಿಯಮ್ಮ ತಕ್ಷಣ ಎತ್ತಿದಳು. "ಮಿಸ್" ಎಂದಳು. ಮಿಸ್ಸಿನ ಫೋನಿನಿಂದಲೇ ಮಾಡಿದ್ದೆನಲ್ಲ.

"ಮಿಸ್ ಅಲ್ಲಮ್ಮ, ಪಕ್ಕದ ಮನೆ ಅಕ್ಕ," ಎಂದೆ. "ಮಿಸ್‌ಗೆ ಸ್ವಲ್ಪ ಹುಷಾರಿಲ್ಲ. ಸೀರಿಯಸ್ ಅಂತಾರೆ..."

ಮಿಸ್ ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದರು, ತಲೆಯ ಹತ್ತಿರ ದೀಪ ಉರಿಯುತ್ತಿತ್ತು.

ಅವಳು ಕೇಳಿದಳು. "ಅಕ್ಕಾ, ಇದಾರಾ ಇಲ್ವಾ? ನಂಗಾದ್ರೂ ನೆಟ್ಟಗೆ ಹೇಳಿ."

"ಇಲ್ಲ," ಎಂದೆ.