ಶಿವಮೊಗ್ಗದ ವೃತ್ತ ಸ್ವಲ್ಪ ದೊಡ್ಡದು

ಬೇರೆಯವರ ಮನೆಯ ಮೇಜಿನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಕಾಲೇಜು ಗೆಳೆಯನೊಬ್ಬ ಭದ್ರಾವತಿಯ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿದ್ದ. ಅವನ ಕ್ವಾರ್ಟರ್ಸಿನ ಮೇಜಿನ ಸುತ್ತ ನಾಲ್ಕು ಜನ ಮೊಣಕೈ ಊರಿ ಕೂತರೂ ನಡುವೆ ಒಂದು ದೇಶ ಹಾಸುವಷ್ಟು ಜಾಗ ಉಳಿಯುತ್ತಿತ್ತು. ದೇಶ ಎಂದದ್ದು ಬರೀ ಮಾತಿಗಲ್ಲ. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಭಾವ ಯಾವುದೋ ಬಂದರಿನಿಂದ ಆಟದ ಪೆಟ್ಟಿಗೆಗಳನ್ನು ತಂದುಕೊಟ್ಟಿದ್ದರು. ಒಂದರಲ್ಲಿ ಇಂಗ್ಲೆಂಡಿನ ಉತ್ತರ ಸೀಮೆಯ ನಕ್ಷೆ, ಇನ್ನೊಂದರಲ್ಲಿ ಅಮೆರಿಕದ ಪೂರ್ವ ಕರಾವಳಿ. ಆರು ಮೂಲೆಯ ರಟ್ಟಿನ ಬಿಲ್ಲೆಗಳನ್ನು ಜೋಡಿಸುತ್ತಾ ರೈಲು ಹಳಿ ಹಾಕಬೇಕು, ರೈಲು ಕಂಪನಿಗಳ ಶೇರು ಕೊಳ್ಳಬೇಕು, ಮಾರಬೇಕು, ಕಂಪನಿಯ ದುಡ್ಡಿನಲ್ಲಿ ಇಂಜಿನ್ ಚೀಟಿ ಕೊಳ್ಳಬೇಕು. ಒಂದು ಕಂಪನಿಯಲ್ಲಿ ಯಾರ ಬಳಿ ಶೇರು ಹೆಚ್ಚೋ ಅವನೇ ಅದರ ಅಧ್ಯಕ್ಷ.

ಭಾನುವಾರ ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೊಳೆಹೊನ್ನೂರಿನಿಂದ ಹೈಸ್ಕೂಲು ಮೇಷ್ಟ್ರೊಬ್ಬರು, ಶಿವಮೊಗ್ಗದಿಂದಲೇ ಒಬ್ಬ ಅಡಿಕೆ ಮಂಡಿ ವ್ಯಾಪಾರಿ ಬರುತ್ತಿದ್ದರು. ಇಬ್ಬರನ್ನೂ ಆಟಕ್ಕೆ ಎಳೆದು ತಂದವನು ನಾನು. ಆದರೆ ಅವರು "ಭದ್ರಾವತಿಗೆ ಹೋಗ್ತೀವಿ" ಎನ್ನುತ್ತಿದ್ದರೇ ಹೊರತು ನನ್ನ ಸುದ್ದಿ ಎತ್ತುತ್ತಿರಲಿಲ್ಲ. ಗೆಳೆಯ ಬಾಗಿಲಲ್ಲೇ ನಿಂತು, "ಬಾರೋ ಮಾರಾಯ, ನೀನಿಲ್ದೆ ಶುರು ಮಾಡ್ಲಿಲ್ಲ" ಎನ್ನುತ್ತಿದ್ದ. ಶುರು ಮಾಡುವ ಹಕ್ಕು ತನ್ನದು ಎಂದು ತಾನೆ ಇದರ ಅರ್ಥ? ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೇ ಮೆಲುಕು ಹಾಕುತ್ತಿದ್ದೆ.

ನನಗಿದ್ದದ್ದು ಒಂದೇ ಆಸೆ: ಈ ಭಾನುವಾರದ ಆಟ ಶಿವಮೊಗ್ಗದ ಹೊಸಮನೆ ಬಡಾವಣೆಯ ನನ್ನ ಮನೆಗೆ ಬಂದು ನೆಲೆಯೂರಬೇಕು. ನನಗೆ ಹಡಗಿನ ಭಾವನಿರಲಿಲ್ಲ. ಇದ್ದೊಬ್ಬ ಭಾವ ಸವಳಂಗ ರಸ್ತೆಯಲ್ಲಿ ಟೈರು ಅಂಗಡಿ ಇಟ್ಟಿದ್ದ. ಹಾಗಾಗಿ ನಮ್ಮ ಸೀಮೆಯ ನಕ್ಷೆಯನ್ನು ನಾನೇ ಬರೆಯಲು ಕೂತೆ. ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ತಾಳಗುಪ್ಪ; ಊರಿಗೊಂದು ರೈಲು ಕಂಪನಿ. ಮೇಷ್ಟ್ರ ಮರ್ಜಿಗೆ ಇರಲಿ ಎಂದು, ರೈಲನ್ನೇ ಕಾಣದ ಹೊಳೆಹೊನ್ನೂರಿಗೂ ಒಂದು ಚುಕ್ಕೆ. ಶಿವಮೊಗ್ಗಕ್ಕೆ ಸ್ವಲ್ಪ ದೊಡ್ಡ ವೃತ್ತ ಹಾಕಿದೆ. ಭದ್ರಾವತಿಗೆ ಎಷ್ಟು ಬೇಕೋ ಅಷ್ಟೇ.

ಹೆಂಡತಿ ನೋಡಿದಳು. "ಮಕ್ಕಳ ಡ್ರಾಯಿಂಗಿಗೆ ಒಂದು ಗೆರೆ ಎಳ್ಕೊಡಿ ಅಂದ್ರೆ ಸೊಂಟ ನೋವು ಅಂತೀರ. ಈಗೆಲ್ಲಿ ಹೋಯ್ತು ಸೊಂಟ?"

ನಕ್ಷೆ ಮುಗಿದ ವಾರವೇ ಎಲ್ಲರನ್ನೂ ಮನೆಗೆ ಕರೆದೆ; ಆ ಭಾನುವಾರ ಮೂವರೂ ಬಂದರು. ಬಿಲ್ಲೆಗಳನ್ನೂ ಇಂಜಿನ್ ಚೀಟಿಗಳನ್ನೂ ಗೆಳೆಯನ ಪೆಟ್ಟಿಗೆಯಿಂದಲೇ ತರಿಸಬೇಕಾಗಿ ಬಂದದ್ದು ನನಗೊಂದು ಸಂಕಟ. ಅವನು ನಕ್ಷೆಯ ಮೇಲೆ ಬಗ್ಗಿ, "ಏನೋ ಇದು, ಪ್ರಿಂಟ್ ಹೊಡೆಸಿದಂಗಿದೆ! ನೀನು ನಮ್ಮ ಸೆಕ್ಷನ್ನಿಗೆ ಬರ್ಬೇಕಿತ್ತು" ಎಂದ. ಹೊಗಳುವಾಗಲೂ ನನ್ನನ್ನು ತನ್ನ ಕೈಕೆಳಗೇ ಕೂರಿಸಿದ.

ಆಟ ಶುರುವಾಯಿತು, ನನ್ನ ಆತಂಕವೂ. "ಲೋಟ ನೆಲದ ಮೇಲಿಡಿ." "ಬಜ್ಜಿ ತಿಂದ ಕೈ ಒರೆಸ್ಕೊಳ್ಳಿ, ಇಗೋ ಬಟ್ಟೆ." ಶೇರು ಚೀಟಿಗಳು ಹಾರುತ್ತವೆಂದು ಫ್ಯಾನನ್ನೂ ಆರಿಸಿದೆ. ಏಪ್ರಿಲ್ ತಿಂಗಳು.

ಇಂಗ್ಲೆಂಡಿನ ಕಂಪನಿಗಳನ್ನು ಮುಲಾಜಿಲ್ಲದೆ ಮಾರುತ್ತಿದ್ದ ಮಂದಿಯ ಲೆಕ್ಕಾಚಾರ ಇಲ್ಲಿ ಪೂರ್ತಿ ಕೆಟ್ಟುಹೋಯಿತು. ಮೇಷ್ಟ್ರು ಮೊದಲ ಸರದಿಯಲ್ಲೇ ಹೊಳೆಹೊನ್ನೂರಿಗೆ ಹಳಿ ಎಳೆದರು.

"ಮೇಷ್ಟ್ರೇ, ಅಲ್ಲಿ ಏನೂ ಗಿಟ್ಟಲ್ಲ" ಎಂದ ಮಂಡಿಯವನು.

"ಗಿಟ್ಟದಿದ್ರೆ ಬಿಡ್ಲಿ ಸ್ವಾಮಿ. ಹುಟ್ಟಿದಾಗಿಂದ ಬಸ್ಸಿಗೆ ಕಾದಿದೀನಿ. ಇವತ್ತೊಂದಿನ ನಮ್ಮೂರಿಗೆ ರೈಲು ಬರ್ಲಿ."

ಬುದ್ಧಿ ಹೇಳಿದ ಮಂಡಿಯವನೇ ಸಾಗರದ ಶೇರನ್ನು ಎದೆಗವಚಿಕೊಂಡು ಕೂತಿದ್ದ. ಅದು ಅವನ ಮಾವನ ಮನೆಯ ಊರು. ಮಾರಿದರೆ ಅಲ್ಲಿಗೆ ಸುದ್ದಿ ಮುಟ್ಟುತ್ತದೆ ಎಂಬಂತೆ ಹೆದರುತ್ತಿದ್ದ. ನಾನು ಶಿವಮೊಗ್ಗದ ಅಧ್ಯಕ್ಷ. ಕೇಳಬೇಕೆ?

ಆಗ ಗೆಳೆಯ ಭದ್ರಾವತಿಯ ಶೇರುಗಳನ್ನು ಒಟ್ಟಿಗೆ ಮಾರಾಟಕ್ಕಿಟ್ಟ.

"ನಿಮ್ಮೂರನ್ನೇ ಮಾರ್ತೀರೇನ್ರಿ?" ಮೇಷ್ಟ್ರಿಗೆ ನಿಜಕ್ಕೂ ನೋವಾಗಿತ್ತು.

"ಆಟ ಅಲ್ವಾ ಮೇಷ್ಟ್ರೇ, ಮಾರಿದ್ರೆ ಏನಾಯ್ತು?"

ನಾನು ಅಷ್ಟನ್ನೂ ಬಾಚಿಕೊಂಡೆ. ಅವನ ಊರು, ನನ್ನ ಮನೆಯಲ್ಲಿ, ನನ್ನ ಕೈಯಲ್ಲಿ! ಆ ಕಂಪನಿಯ ಖಜಾನೆಯಲ್ಲಿ ಏನಿದೆ ಎಂದು ನೋಡುವಷ್ಟು ವ್ಯವಧಾನ ಯಾರಿಗಿತ್ತು? ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ನಾನು, ಒಂದು ಕಂಪನಿಯನ್ನು ಕಣ್ಣು ಮುಚ್ಚಿ ಕೊಂಡಿದ್ದೆ. ಖಜಾನೆ ಖಾಲಿ. ಮುಂದಿನ ಸುತ್ತಿಗೆ ಹೊಸ ಮಾದರಿಯ ಇಂಜಿನ್ ಬಂದು, ಆಟದ ನಿಯಮದಂತೆ ಭದ್ರಾವತಿಯ ಹಳೆಯವು ಗುಜರಿಗೆ ಸೇರಿದವು. ಈ ಆಟದಲ್ಲಿ ಕಂಪನಿಗೆ ಗತಿಯಿಲ್ಲದಿದ್ದರೆ ಅಧ್ಯಕ್ಷನೇ ಕೈಯಿಂದ ದುಡ್ಡು ಹಾಕಿ ಇಂಜಿನ್ ತರಬೇಕು. ಕೊಂಡು ತಂದೆ. ತರಲು ಶಿವಮೊಗ್ಗದ ಶೇರುಗಳನ್ನು ಮಾರಬೇಕಾಯಿತು. ಕೊಂಡವನು ಗೆಳೆಯ. ಆ ದೊಡ್ಡ ವೃತ್ತಕ್ಕೆ ಅವನು ಅಧ್ಯಕ್ಷನಾದ.

ಸೋತದ್ದಕ್ಕೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಏಕೆಂದರೆ ಏಳುವಾಗ ಮಂಡಿಯವನು, "ಇನ್ಮೇಲೆ ಇದನ್ನೇ ಆಡೋಣ. ಆ ಇಂಗ್ಲೆಂಡು ಯಾರಿಗ್ ಬೇಕು!" ಎಂದ.

ನನ್ನ ಎದೆ ಉಬ್ಬಿತು. "ಹಾಗಾದ್ರೆ ಮುಂದಿನ ಭಾನುವಾರವೂ..."

"ನಕ್ಷೆ ಸುತ್ತಿ ಕೊಡಿ" ಎಂದರು ಮೇಷ್ಟ್ರು. "ಭದ್ರಾವತಿಗೆ ತಗೊಂಡ್ಹೋಗ್ತೀವಿ. ಬೇಜಾರು ಮಾಡ್ಕೋಬೇಡಿ. ಕೈ ಒರೆಸೀ ಒರೆಸೀ ಬಜ್ಜಿ ರುಚೀನೇ ತಿಳೀಲಿಲ್ಲ. ಅಲ್ಲಿ ಫ್ಯಾನಾದ್ರೂ ತಿರುಗುತ್ತೆ."

ಮಂಡಿಯವನು ಬೆವರಿದ ಅಂಗಿಯನ್ನು ಬೆನ್ನಿನಿಂದ ಬಿಡಿಸಿಕೊಳ್ಳುತ್ತಾ ಅತ್ತ ತಿರುಗಿದ. ಗೆಳೆಯನೇ ನನ್ನ ಪರ ಬಂದ. "ಇಲ್ಲೇ ಆಡೋಣ ಬಿಡ್ರಿ. ಪಾಪ, ಇಷ್ಟು ಕಷ್ಟಪಟ್ಟಿದಾನೆ."

ಆ "ಪಾಪ" ನನ್ನನ್ನು ಸುಟ್ಟುಬಿಟ್ಟಿತು. ಭಾನುವಾರ ಅವನ ದಯೆಯಿಂದ ನನ್ನ ಮನೆಗೆ ಬರುವುದಾದರೆ ಬರುವುದೇ ಬೇಡ. ನಕ್ಷೆಯನ್ನು ನಾನೇ ಸುರುಳಿ ಸುತ್ತಿ ಅವನ ಕಂಕುಳಿಗೆ ಸಿಕ್ಕಿಸಿದೆ. ಬಸ್ಸಿನಲ್ಲಿ ಮಡಚಬೇಡ, ಮೇಲೆ ಸಾಮಾನಿನ ಜೊತೆ ಇಡಬೇಡ ಎಂದು ಗೇಟಿನವರೆಗೂ ಹೇಳುತ್ತಲೇ ಹೋದೆ. ಅವನು ಎಲ್ಲದಕ್ಕೂ "ಆಯ್ತು ಮಾರಾಯ, ಆಯ್ತು" ಎಂದ.

ಮೂವರೂ ಜೋರಾಗಿ ಮಾತಾಡುತ್ತಾ ರಸ್ತೆಗಿಳಿದರು. ಹಳಿಯನ್ನು ಮುಂದಿನ ವಾರ ಎಲ್ಲಿಗೆ ಒಯ್ಯಬೇಕೆಂದು ಮೇಷ್ಟ್ರು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದರು, ಗೆಳೆಯ ಏನೋ ಹೇಳಿ ಅವರನ್ನು ನಗಿಸುತ್ತಿದ್ದ. ನನ್ನ ನಕ್ಷೆಯ ಬಗ್ಗೆ ನಾನಿಲ್ಲದೆ ನಡೆಯುತ್ತಿದ್ದ ಮೊದಲ ಮಾತುಕತೆ. ಕೇಳಿಸಿಕೊಳ್ಳಲು ಗೇಟಿನ ಮೇಲೆ ಎಷ್ಟು ಬಗ್ಗಬಹುದೋ ಅಷ್ಟೂ ಬಗ್ಗಿ ನಿಂತೆ.