ಗಂಡನ ಹೆಸರು ಕೇಳುವ ಫೋನು

ಲಿಂಗಸುಗೂರಿನ ಮುದುಕಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಹತ್ತಿರದ ಹಟ್ಟಿ ಊರಿನ ಖಾನಾವಳಿಗಳಿಗೆ ಅವನ್ನು ಬೈಕಿನಲ್ಲಿ ಮುಟ್ಟಿಸುವವನು ಗಂಡ ಪಂಪಣ್ಣ. ಅವನು ಹೆಂಡತಿಗೊಂದು ಫೋನು ತಂದ. ಅವಳ ಅಂಗೈಗೆ ಅದು ದೊಡ್ಡದು, ಕುಪ್ಪಸದಲ್ಲಿಟ್ಟರೆ ಬೆವರಿಗೆ ಕುರುಡು, ಹಿಟ್ಟಿನ ಕೈ ತಾಗಿದರೆ ಕಿವುಡು. ಮಾಡಿದವರ ಮನೆಯಲ್ಲಿ ಹೆಂಗಸರೇ ಇರಲಿಲ್ಲವೋ, ಇದ್ದರೂ ಅವರನ್ನು ಯಾರೂ ಕೇಳಲಿಲ್ಲವೋ!

“ಕೈ ಯಾಕ ಹಚ್ತೀರಿ ಅತ್ತಿ? ಬಾಯಿಲೆ ಹೇಳ್ರಿ, ತಾನ ಫೋನು ಹಚ್ತೈತಿ” ಎಂದಳು ಸೊಸೆ ರೂಪಾ.

ಫೋನು ಕೇಳಿತು: “ಯಾರಿಗೆ ಕರೆ ಮಾಡಬೇಕು? ಹೆಸರು ಹೇಳಿ.”

“ನಮ್ಮ ಮನಿಯವ್ರಿಗೆ.”

“ಆ ಹೆಸರು ಸಿಗಲಿಲ್ಲ.”

ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ತಾರದ ಮುದುಕಮ್ಮನಿಗೆ ಸಿಟ್ಟು ನೆತ್ತಿಗೇರಿತು. “ದನಿ ಹೆಣ್ಣಿಂದು ಇಟ್ಟಾರ, ಬುದ್ಧಿ ಗಂಡಸಿಂದು ತುಂಬ್ಯಾರ! ಆ ನಂಬರಿಗೆ ಬ್ಯಾರೆ ಹೆಸರು ಇಡವಾ” ಎಂದು ಸೊಸೆಯ ಕಿವಿಯಲ್ಲಿ ಏನೋ ಉಸುರಿದಳು.

ಮರುದಿನ ಪಂಪಣ್ಣ ರೊಟ್ಟಿಯ ಗಂಟೊಂದನ್ನು ಮರೆತು ಹೊರಟ. ಮುದುಕಮ್ಮ ಓಣಿಗೆಲ್ಲ ಕೇಳುವಂತೆ ಫೋನಿಗೆ ಹೇಳಿದಳು: “ಕೋಣಕ್ಕ ಹಚ್ಚು!”

ಓಣಿಯ ತುದಿಯಲ್ಲಿದ್ದ ಪಂಪಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕೆಂಡವಾಗಿ ತಿರುಗಿ ಬಂದ.

“ಗಂಡಗ ಕೋಣ ಅಂತಿ ಏನಲೇ?”

“ಹೆಸರು ಹೇಳಬಾರ್ದು ಅಂತ ಕಲಿಸ್ಯಾರ. ಕೋಣ ಅನಬಾರ್ದು ಅಂತ ಯಾರೂ ಕಲಿಸಿಲ್ರಿ.”